ಬರ್ಮಿಂಗ್‌ಹ್ಯಾಮ್‌ನಿಂದ ಎರಡು ದಿನ ಮಿಡ್ ವೇಲ್ಸ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಯಾವ ವಿಸಿಟರ್ ಸೆಂಟರ್ ನೋಡಲಿ, ಯಾವುದು ಬಿಡಲಿ?

ಕೋಲಾರದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಅಮ್ಮನಿಗೆ ಮಂಡಿನೋವು, ಸಸ್ಯಾಹಾರಿಗಳು, ಸೆಪ್ಟೆಂಬರ್‌ನಲ್ಲಿ ಎರಡು ದಿನ, ಕಾರು ಇದೆ ಅಂತ ಬರೆದಿದ್ದೀರಿ. ಜೊತೆಗೆ ಒಂದು ಉದ್ದದ ಪಟ್ಟಿ ಹಾಕಿದ್ದೀರಿ. ಅದರಲ್ಲಿ ಮುಕ್ಕಾಲು ಪಾಲು ಧಾರಾಳವಾಗಿ ಬಿಡಿ.

ಈ ಕಡೆ ವಿಸಿಟರ್ ಸೆಂಟರ್ ಅಂದರೆ ಕಾರು ನಿಲ್ಲಿಸಲು ಜಾಗ, ಟಾಯ್ಲೆಟ್, ಟೀ ಅಂಗಡಿ, ಗೋಡೆ ಮೇಲೆ ನಾಲ್ಕು ಚಿತ್ರ, ಒಂದು ನಕ್ಷೆ. ಒಳಗೆ ನೋಡುವುದು ಅರ್ಧ ಗಂಟೆಗೆ ಮುಗಿಯುತ್ತದೆ. ಬಾಗಿಲ ಹೊರಗೆ ಏನಿದೆ, ಅದು ಅಮ್ಮ ನಡೆಯುವಷ್ಟು ದೂರದಲ್ಲಿದೆಯಾ ಅನ್ನುವುದೇ ಮುಖ್ಯ.

ಆ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ ಏಲನ್ ವ್ಯಾಲಿ, ಅಣೆಕಟ್ಟುಗಳಿರುವ ಒಂದು ಕಣಿವೆ. ರೇಯಡರ್ ಅನ್ನುವ ಪುಟ್ಟ ಊರಿನ ಪಕ್ಕದಲ್ಲೇ ಇದೆ, ನಿಮ್ಮಲ್ಲಿಂದ ಎರಡು, ಎರಡೂವರೆ ಗಂಟೆಯ ದಾರಿ. ಒಂದು ಇಡೀ ದಿನ ಇದಕ್ಕೇ ಇಡಿ. ಯಾಕೆ ಗೊತ್ತಾ? ಬರ್ಮಿಂಗ್‌ಹ್ಯಾಮ್‌ನ ನಲ್ಲಿಗಳಲ್ಲಿ ಬರುವುದು ಹೆಚ್ಚಾಗಿ ಇಲ್ಲಿನ ನೀರು. 1892ರಲ್ಲಿ ಬರ್ಮಿಂಗ್‌ಹ್ಯಾಮ್ ನಗರಸಭೆ ಪಾರ್ಲಿಮೆಂಟಿನಲ್ಲಿ ಕಾಯ್ದೆ ಮಾಡಿಸಿಕೊಂಡು ಈ ಕಣಿವೆಯನ್ನು ತೆಗೆದುಕೊಂಡಿತು. 1904ರಲ್ಲಿ ದೊರೆ ಏಳನೇ ಎಡ್ವರ್ಡ್ ಬಂದು ನೀರು ಬಿಟ್ಟ. ಇಲ್ಲಿಂದ ನಿಮ್ಮೂರಿಗೆ ಸುಮಾರು 118 ಕಿಲೋಮೀಟರ್. ಅಷ್ಟು ದೂರಕ್ಕೂ ಪಂಪು ಇಲ್ಲ. ಇಳಿಜಾರು ಒಟ್ಟು 52 ಮೀಟರ್ ಅಷ್ಟೇ, ನೀರು ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಹರಿದು ಒಂದೂವರೆ ದಿನಕ್ಕೆ ಬಂದು ಸೇರುತ್ತದೆ. ಅಪ್ಪನಿಗೆ ಇದನ್ನು ಮನೆಯಲ್ಲೇ ಹೇಳಿ, ನಲ್ಲಿ ತೋರಿಸಿ, ಆಮೇಲೆ ಕರೆದುಕೊಂಡು ಹೋಗಿ.

ಇದರ ಇನ್ನೊಂದು ಮುಖ ಅಷ್ಟು ಚೆಂದ ಇಲ್ಲ. ನೂರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಪರಿಹಾರ ಸಿಕ್ಕಿದ್ದು ಜಮೀನಿನ ಒಡೆಯರಿಗೆ ಮಾತ್ರ, ಗೇಣಿದಾರರಿಗೆ ಏನೂ ಇಲ್ಲ. ಮಳೆ ತೀರಾ ಕಡಿಮೆಯಾದ ವರ್ಷ, ಆಗ ಮುಳುಗಿದ ಮನೆಯೊಂದರ ತೋಟದ ಗೋಡೆ ನೀರಿನಿಂದ ಮೇಲೆದ್ದು ಕಾಣಿಸುತ್ತದೆ.

ಸೆಂಟರ್ ಇರುವುದು ಕಾಬನ್ ಕೋಖ್ ಅಣೆಕಟ್ಟಿನ ಕೆಳಗೆ. ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿದರೆ ಕಟ್ಟೆಯೇ ಎದುರಿಗೆ. ಇಲ್ಲಿ ನೀರು ಬಿಡಲು ಮೇಲೆ ಗೇಟುಗಳಿಲ್ಲ. ಕೋಡಿ ಬಿದ್ದರೆ ಕಟ್ಟೆಯ ತಲೆಯ ಮೇಲಿಂದಲೇ, ಉದ್ದಕ್ಕೂ, ನೀರು ಇಳಿಯುತ್ತದೆ. ಒರಟು ಕಲ್ಲಿಗೆ ಬಡಿದು ಬಡಿದು ಪೂರ್ತಿ ಬೆಳ್ಳಗಾಗುತ್ತದೆ, ಗಾಳಿ ನಿಮ್ಮ ಕಡೆ ಇದ್ದರೆ ಕನ್ನಡಕ ಒದ್ದೆ. ಸೆಪ್ಟೆಂಬರ್‌ನಲ್ಲಿ ಕೋಡಿ ಬೀಳುತ್ತದೆ ಅಂತ ಖಾತ್ರಿ ಇಲ್ಲ, ಮಳೆ ಬಂದಿದ್ದರೆ ಉಂಟು. ಬೀಳದಿದ್ದರೂ ಬೇಜಾರಿಲ್ಲ. ಕಾರಿನಲ್ಲೇ ಮೇಲಕ್ಕೆ ಹೋಗಿ ಕ್ರೇಗ್ ಗೋಖ್ ಅಣೆಕಟ್ಟು ನೋಡಿ. ಕಟ್ಟೆ ಬಿಲ್ಲಿನಂತೆ ಬಾಗಿದೆ, ಮೇಲೆ ಸಾಲು ಕಮಾನು, ನಡುವೆ ಹಸಿರು ಗುಮ್ಮಟದ ಪುಟ್ಟ ಗೋಪುರ. ಕಟ್ಟೆಯ ಮೇಲಿನ ದಾರಿ ಸಮತಟ್ಟಾಗಿದೆ, ಅಮ್ಮ ಆರಾಮಾಗಿ ನಡೆಯಬಹುದು. ರಾತ್ರಿ ರೇಯಡರ್‌ನಲ್ಲಿ ಉಳಿದು, ಮೋಡ ಇಲ್ಲದಿದ್ದರೆ ಊಟದ ಮೇಲೆ ನಕ್ಷತ್ರ ನೋಡಲು ಮತ್ತೆ ಇಲ್ಲಿಗೆ ಬನ್ನಿ. ಊರ ಬೆಳಕು ಬೀಳದ ಕತ್ತಲೆಗೆ 2015ರಲ್ಲಿ ಈ ಜಾಗಕ್ಕೆ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಅಂತ ಮನ್ನಣೆ ಸಿಕ್ಕಿದೆ.

ಎರಡನೇ ದಿನ ಹೆದ್ದಾರಿ ಬಿಟ್ಟು ಏಲನ್‌ನಿಂದ ಕುಮಸ್ಟ್‌ವಿತ್ ಕಡೆಗಿನ ಬೆಟ್ಟದ ರಸ್ತೆ ಹಿಡಿಯಿರಿ. ಕೆಲವು ಕಡೆ ಒಂದೇ ಕಾರಿನ ಅಗಲ, ಎದುರಿಗೆ ಗಾಡಿ ಬಂದರೆ ಹಿಂದಕ್ಕೆ ತೆಗೆಯಬೇಕು. ಕುರಿಗಳು ರಸ್ತೆ ತಮ್ಮದೇ ಅನ್ನುವಂತೆ ಮಲಗಿರುತ್ತವೆ, ಹಾರ್ನ್ ಹೊಡೆದು ಪ್ರಯೋಜನ ಇಲ್ಲ. ಕುಮಸ್ಟ್‌ವಿತ್ ಹತ್ತಿರ ರಸ್ತೆ ಪಕ್ಕದಲ್ಲೇ ಹಳೆ ಸೀಸದ ಗಣಿಯ ಅವಶೇಷ ಕಾಣುತ್ತದೆ. ಹುಲ್ಲು ಹುಟ್ಟದ ಬೂದು ರಾಶಿಗಳು, ಮುರಿದ ಕಲ್ಲುಗೋಡೆ. ಕೆಜಿಎಫ್ ಚಿನ್ನದ ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬ ನೋಡಿ ಬೆಳೆದವರಾದರೆ ನಿಮ್ಮ ತಂದೆ ಇಲ್ಲಿ ಕಾರು ನಿಲ್ಲಿಸು ಅಂತಾರೆ, ನೋಡ್ತಾ ಇರಿ. ಸಂಬಂಧವೂ ಇದೆ. ಈ ಸೀಮೆಯ ಲಿಸ್ಬರ್ನ್ ಗಣಿಗಳನ್ನು 1834ರಲ್ಲಿ ವಹಿಸಿಕೊಂಡವನು ಜಾನ್ ಟೇಲರ್ ಅನ್ನುವ ಗಣಿ ಎಂಜಿನಿಯರ್. ಮುಂದೆ 1880ರಲ್ಲಿ ಕೆಜಿಎಫ್‌ಗೆ ಕಾಲಿಟ್ಟ ಜಾನ್ ಟೇಲರ್ ಅಂಡ್ ಸನ್ಸ್ ಅವನ ಮನೆತನದ ಕಂಪನಿಯೇ. ಕುಮಸ್ಟ್‌ವಿತ್‌ನಲ್ಲಿ 2002ರಲ್ಲಿ ಒಂದು ತೆಳು ಚಿನ್ನದ ಬಿಲ್ಲೆಯೂ ಸಿಕ್ಕಿತ್ತು, ನಾಲ್ಕು ಸಾವಿರ ವರ್ಷ ಹಳೆಯದು. ರಸ್ತೆಯಿಂದಲೇ ನೋಡಿ, ಗಣಿ ಬಾಯಿಗಳ ಹತ್ತಿರ ಹೋಗಬೇಡಿ.

ಅಲ್ಲಿಂದ ಡೆವಿಲ್ಸ್ ಬ್ರಿಡ್ಜ್. ಒಂದರ ಮೇಲೊಂದು ಮೂರು ಸೇತುವೆ: ಕೆಳಗಿನದು ಮಧ್ಯಯುಗದ್ದು, ನಡುವಿನದು 1753ರದ್ದು, ಮೇಲಿನದು 1901ರ ಕಬ್ಬಿಣದ್ದು. ಕಾರಿನಲ್ಲಿ ದಾಟಿದರೆ ಗೊತ್ತೇ ಆಗುವುದಿಲ್ಲ, ಟಿಕೆಟ್ ತೆಗೆದುಕೊಂಡು ಕೆಳಗಿಳಿದರೆ ಮಾತ್ರ ಕಾಣುತ್ತದೆ. ಕಥೆ ಏನಪ್ಪಾ ಅಂದರೆ, ಅಜ್ಜಿಯ ಹಸು ಹೊಳೆ ಆಚೆ ಸೇರಿಕೊಂಡಿತು. ಸೈತಾನ ಬಂದು "ಸೇತುವೆ ಕಟ್ಟಿಕೊಡ್ತೀನಿ, ಮೊದಲು ದಾಟಿದ ಜೀವ ನನ್ನದು" ಅಂದ. ಅಜ್ಜಿ ಒಂದು ರೊಟ್ಟಿ ಆಚೆಗೆ ಎಸೆದಳು, ಅವಳ ನಾಯಿ ಹಿಂದೆಯೇ ಓಡಿತು. ಸೈತಾನನಿಗೆ ನಾಯಿಯೇ ಗತಿ! ಜಲಪಾತದ ಕಡೆಯ ದೊಡ್ಡ ಸುತ್ತಿನಲ್ಲಿ ಮೆಟ್ಟಿಲು ವಿಪರೀತ ಕಡಿದು. ಅಮ್ಮ ಮೇಲೆ ಟೀ ಕುಡಿಯುತ್ತಾ ಕೂತಿರಲಿ, ನೀವು ಅಪ್ಪ ಇಬ್ಬರೇ ಇಳಿಯಿರಿ. ಮೂರು ಸೇತುವೆ ಕಾಣುವ ಕಡೆಯ ದಾರಿ ಚಿಕ್ಕದು, ಆದರೆ ಅಲ್ಲೂ ಮೆಟ್ಟಿಲಿದೆ. ಬೆಟ್ಟದ ರಸ್ತೆಯಲ್ಲಿ ಓಡಿಸಲು ಭಯ ಅನಿಸಿದರೆ ಹೆದ್ದಾರಿಯಲ್ಲಿ ಆಬರಿಸ್ಟ್‌ವಿತ್‌ಗೆ ಹೋಗಿ 1902ರಲ್ಲಿ ಶುರುವಾದ ಉಗಿಬಂಡಿ ರೈಲಿನಲ್ಲಿ ಇಲ್ಲಿಗೆ ಬರಬಹುದು, ಒಂದು ಗಂಟೆಯ ಪಯಣ. ಗಣಿ ತಪ್ಪಿಹೋಗುತ್ತದೆ ಅಷ್ಟೇ.

ಮೂರು ಗಂಟೆಗೆ ಸರಿಯಾಗಿ ಬುಲ್ಖ್ ನಾಂಟ್ ಅರ್ ಆರಿಯನ್ ಅನ್ನುವ ಕಾಡಿನ ವಿಸಿಟರ್ ಸೆಂಟರ್‌ನಲ್ಲಿರಿ. ಅಲ್ಲಿ ಕೆರೆ ದಡದಲ್ಲಿ ಹದ್ದುಗಳಿಗೆ ಮಾಂಸ ಹಾಕುತ್ತಾರೆ. ಹದ್ದು ನೋಡೋಕೆ ಇಷ್ಟು ದೂರ ಬರಬೇಕಿತ್ತಾ ಅಂತ ಅಮ್ಮ ಕೇಳಬಹುದು. ಈ ಕೆಂಪು ಹದ್ದು ಇಂಗ್ಲೆಂಡ್, ಸ್ಕಾಟ್‌ಲೆಂಡ್‌ನಲ್ಲಿ ಪೂರ್ತಿ ಅಳಿದು, 1930ರ ದಶಕದಲ್ಲಿ ಈ ಬೆಟ್ಟಗಳಲ್ಲಿ ಕೆಲವೇ ಜೋಡಿ ಉಳಿದಿದ್ದವು. ಈಗ ಆಕಾಶದ ತುಂಬ ಸುತ್ತುತ್ತವೆ. ಕವಲು ಬಾಲ ಅತ್ತಿತ್ತ ತಿರುಗಿಸುತ್ತಾ ಇಳಿದು, ನೆಲಕ್ಕೆ ಕೂರದೆ ಕಾಲಲ್ಲೇ ತುಂಡು ಕಿತ್ತುಕೊಂಡು, ಹಾರುತ್ತಲೇ ಬಗ್ಗಿ ತಿನ್ನುತ್ತವೆ. ಕೆರೆ ಸುತ್ತ ದಾರಿ ಸಮತಟ್ಟಾಗಿದೆ, ಗಾಲಿಕುರ್ಚಿಯೂ ಹೋಗುತ್ತದೆ. ಮಳೆ ಜಾಸ್ತಿ ಅನಿಸಿದರೆ ಇದನ್ನು ಬಿಟ್ಟು ರೇಯಡರ್ ಪಕ್ಕದ ಗಿಗ್ರಿನ್ ಫಾರ್ಮ್‌ಗೆ ಮೊದಲೇ ಬುಕ್ ಮಾಡಿಕೊಳ್ಳಿ. ದುಡ್ಡು ಕೊಡಬೇಕು, ಆದರೆ ಮಾಡಿನಡಿ ಕೂತು ನೋಡಬಹುದು.

ಒಂದು ಎಚ್ಚರಿಕೆ. ಹಳೆ ಪಟ್ಟಿಗಳನ್ನು ನಂಬಬೇಡಿ. ನೀವು ಬರೆದಿರುವ ಮಖನ್‌ಲೆತ್ ಬಳಿಯ ಸೆಂಟರ್ ಫಾರ್ ಆಲ್ಟರ್ನೇಟಿವ್ ಟೆಕ್ನಾಲಜಿ 2023ರ ನವೆಂಬರ್‌ನಿಂದ ಸುಮ್ನೆ ನೋಡಲು ಬರುವವರಿಗೆ ಬಾಗಿಲು ಹಾಕಿದೆ. ನಾಂಟ್ ಅರ್ ಆರಿಯನ್‌ನ ಕೆಫೆ, ಅಂಗಡಿಯನ್ನೂ 2025ರ ಮಾರ್ಚ್ ಕೊನೆಗೆ ಅದನ್ನು ನಡೆಸುವ ಸರ್ಕಾರಿ ಸಂಸ್ಥೆ ನಿಲ್ಲಿಸಿತು. ಹೊರಡುವ ಹಿಂದಿನ ದಿನ ಪ್ರತಿಯೊಂದರ ವೆಬ್‌ಸೈಟ್ ನೋಡಿಕೊಳ್ಳಿ. ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಅಷ್ಟಕ್ಕಷ್ಟೆ. ನಕ್ಷೆ ಡೌನ್‌ಲೋಡ್ ಇರಲಿ, ಪಾರ್ಕಿಂಗ್‌ಗೆ ಚಿಲ್ಲರೆಯೂ ಇರಲಿ.

ಊಟಕ್ಕೆ ಚೀಸ್ ಹಾಕಿದ ವೆಲ್ಷ್ ರೇರ್‌ಬಿಟ್ ಸಸ್ಯಾಹಾರ ಅಂತ ಕಣ್ಣುಮುಚ್ಚಿ ತರಿಸಬೇಡಿ, ಅದಕ್ಕೆ ಸಾಮಾನ್ಯವಾಗಿ ಹಾಕುವ ವೂಸ್ಟರ್ ಸಾಸ್‌ನಲ್ಲಿ ಮೀನು ಇರುತ್ತದೆ. ವೆಲ್ಷ್ ಕೇಕ್‌ಗೆ ಬೆಣ್ಣೆಯಾ ಹಂದಿ ಕೊಬ್ಬಾ ಅಂತಲೂ ಕೇಳಿ. ಎರಡನೇ ದಿನದ ಮಧ್ಯಾಹ್ನಕ್ಕೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದೇ ವಾಸಿ.