ಸಂಪಾದಕರ ಉತ್ತರ: ಕೀಚಕನನ್ನು ಬೇಗ ಕೊಲ್ಲಿ ಎಂದವರಿಲ್ಲ

ಚಿತ್ರದುರ್ಗದ ಓದುಗರೊಬ್ಬರು, ಹೆಸರು ಹಾಕಬಾರದೆಂಬ ಸೂಚನೆಯೊಂದಿಗೆ, ಪುಟಗಟ್ಟಲೆ ಕೈಬರಹದ ಪತ್ರವೊಂದನ್ನು ಕಳಿಸಿದ್ದಾರೆ. ಹೇಮಂತ್ ಎಂ. ರಾವ್ ನಿರ್ದೇಶನದಲ್ಲಿ 2023ರಲ್ಲಿ ಎರಡು ಭಾಗಗಳಾಗಿ ಬಂದ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಎರಡನೆಯ ಭಾಗವನ್ನು ಅವರು ದಾವಣಗೆರೆಯಲ್ಲಿ ನೆಂಟರ ಮನೆಗೆ ಬಂದಿದ್ದಾಗ ಕುಟುಂಬಸಮೇತ ನೋಡಿದ್ದರಂತೆ. ಈಚೆಗೆ ಮಗ ಅದೇ ಚಿತ್ರವನ್ನು ಮೊಬೈಲಿನಲ್ಲಿ ಹತ್ತು ಹತ್ತು ಸೆಕೆಂಡು ಮುಂದಕ್ಕೆ ಹಾರಿಸುತ್ತ ನೋಡುತ್ತಿದ್ದುದನ್ನು ಕಂಡಾಗ ಅಂದಿನ ಅಸಮಾಧಾನ ಮರುಕಳಿಸಿತಂತೆ. ಪತ್ರದ ಮುಖ್ಯ ಭಾಗ ಹೀಗಿದೆ:

“ಮೊದಲ ಭಾಗ ನೋಡಿ ನನ್ನ ಹೆಂಡತಿ ಅತ್ತಿದ್ದಳು. ಎರಡನೆಯದರಲ್ಲಿ ಜೈಲಿನಿಂದ ಹೊರಬಂದವನು ತನ್ನ ಬಾಳು ಹಾಳು ಮಾಡಿದವರ ಮೇಲೆ ಬೀಳುವುದು ಬಿಟ್ಟು ಹಳೆಯ ಹುಡುಗಿಯ ಸಂಸಾರವನ್ನು ಮರೆಯಲ್ಲಿ ನಿಂತು ನೋಡುತ್ತಾನೆ. ಹಿಂದಿನ ಸಾಲಿನವರು ‘ಯಾವಾಗ ಹೊಡಿತಾನಪ ಇವ’ ಎಂದು ಕೂಗಿದರು. ಮಧ್ಯಂತರದಲ್ಲಿ ಎದ್ದು ಹೋದವರಲ್ಲಿ ಕೆಲವರು ಮರಳಲಿಲ್ಲ. ಎರಡೂವರೆ ಗಂಟೆಯಲ್ಲಿ ಹೇಳಲಾಗದ್ದನ್ನು ಐದು ಗಂಟೆ ಹೇಳುವುದು ಕಲೆಯೋ, ಒಂದು ಕಥೆಗೆ ಎರಡು ಟಿಕೆಟ್ ಹರಿಯುವ ವ್ಯಾಪಾರವೋ?”

ಮಾನ್ಯರೇ, ನಿಧಾನವನ್ನು ದೂರುವುದಕ್ಕಾಗಿ ಇಷ್ಟು ನಿಧಾನವಾಗಿ ಕುಳಿತು, ಅಕ್ಷರ ತಪ್ಪಿಲ್ಲದೆ, ಅಂಚು ಬಿಟ್ಟು ಬರೆದ ಪತ್ರ ನಮ್ಮ ಕಚೇರಿಗೆ ಬಂದು ಬಹಳ ದಿನವಾಗಿತ್ತು. ಇಂಥ ಪತ್ರ ಬರೆಯಬಲ್ಲವರು ಆ ಚಿತ್ರಕ್ಕೆ ಇನ್ನಷ್ಟು ಹೊತ್ತು ಕೊಡಬಲ್ಲರು ಎಂಬ ನಂಬಿಕೆಯಿಂದಲೇ ಉತ್ತರಿಸುತ್ತಿದ್ದೇನೆ.

ನಿಮ್ಮ ಕಡೆಯ ನ್ಯಾಯವನ್ನು ಮೊದಲೇ ಒಪ್ಪಿಬಿಡುತ್ತೇನೆ. ನಾಲ್ಕು ಜನರ ಸಂಸಾರ ಚಿತ್ರಮಂದಿರಕ್ಕೆ ಹೋಗಿಬರುವ ಖರ್ಚು ಸಣ್ಣದಲ್ಲ. ಕಥೆಯೇ ಇಲ್ಲದೆ, ಕೊನೆಗೊಂದು ಹೊಸ ಖಳನ ಮುಖ ತೋರಿಸಿ ‘ಎರಡನೆಯ ಭಾಗಕ್ಕೆ ಕಾಯಿರಿ’ ಎಂದು ಫಲಕ ಹಾಕುವ ಚಿತ್ರಗಳೂ ಸಾಕಷ್ಟಿವೆ. ಪ್ರೇಕ್ಷಕನ ಗೊಣಗಾಟಕ್ಕೆ ದೊಡ್ಡವರೂ ಕಿವಿಗೊಟ್ಟಿದ್ದಾರೆ. 1974ರ ‘ಗಾಡ್‌ಫಾದರ್’ ಎರಡನೆಯ ಭಾಗವನ್ನು ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿದಾಗ, ತಂದೆಯ ಕಾಲಕ್ಕೂ ಮಗನ ಕಾಲಕ್ಕೂ ಪದೇ ಪದೇ ಜಿಗಿಯುವ ಕಥನ ಅವರಿಗೆ ಗೊಂದಲ ತಂದಿತು. ನಿರ್ದೇಶಕ ಕೊಪ್ಪೊಲಾ ಮತ್ತೆ ಸಂಕಲನಕ್ಕೆ ಕುಳಿತರು. ಗಮನಿಸಿ, ಅವರು ಜಿಗಿತಗಳನ್ನು ಕಡಿಮೆ ಮಾಡಿ ಒಂದೊಂದು ಕಾಲದಲ್ಲಿ ಹೆಚ್ಚು ಹೊತ್ತು ನಿಂತರು. ಜನರಿಗೆ ಬೇಕಾಗಿದ್ದುದು ವೇಗವಲ್ಲ. ಮೂರು ಗಂಟೆ ಇಪ್ಪತ್ತು ನಿಮಿಷದ ಆ ಚಿತ್ರ ಆರು ಆಸ್ಕರ್ ಪಡೆಯಿತು.

ಇನ್ನು ನನ್ನ ಮಾತು. ಅಪರಾಧದ ಕಥೆಯಲ್ಲಿ ಅಪರಾಧಕ್ಕೆ ಹಿಡಿಯುವ ಹೊತ್ತು ತೀರ ಕಡಿಮೆ. ಒಂದು ಏಟು, ಒಂದು ಸಹಿ, ಕಾರಿನ ಕೆಳಗೆ ಬಿದ್ದ ಒಂದು ದೇಹ. ಉಳಿದದ್ದೆಲ್ಲ ಆಮೇಲಿನದು. ಮಾಲೀಕರ ಮನೆಯ ಹುಡುಗ ಮಾಡಿದ ಅಪಘಾತವನ್ನು ಸ್ವಂತ ಮನೆಯ ಆಸೆಗಾಗಿ ತನ್ನ ಮೇಲೆ ಹಾಕಿಕೊಳ್ಳುವ ಈ ಚಿತ್ರದ ಚಾಲಕ ಮನು, ಕೆಲವು ತಿಂಗಳಲ್ಲಿ ಬಿಡಿಸುತ್ತೇವೆಂಬ ಮಾತು ನಂಬಿ ಒಳಗೆ ಹೋಗಿ, ವರ್ಷಗಳನ್ನು ಕಳೆದುಕೊಳ್ಳುತ್ತಾನೆ. ಆ ವರ್ಷಗಳನ್ನು ತೋರಿಸುವುದು ಹೇಗೆ? ನಾವು ಚಿಕ್ಕಂದಿನಲ್ಲಿ ನೋಡಿದ ಚಿತ್ರಗಳಲ್ಲಿ ಗೋಡೆಯ ಕ್ಯಾಲೆಂಡರಿನ ಹಾಳೆಗಳು ಗಾಳಿಗೆ ಹಾರಿದರೆ ಹದಿನಾಲ್ಕು ವರ್ಷ ಮುಗಿಯುತ್ತಿತ್ತು. ಓಡುತ್ತಿದ್ದ ಹುಡುಗನ ಕಾಲುಗಳು ನಾಯಕನ ಕಾಲುಗಳಾಗಿ ಬದಲಾಗುತ್ತಿದ್ದವು, ನಾವು ಸಿಳ್ಳೆ ಹಾಕುತ್ತಿದ್ದೆವು. ಅದೂ ಒಂದು ಕಲೆಯೇ, ಅಲ್ಲಗಳೆಯುವುದಿಲ್ಲ. ಆದರೆ ಆ ಹದಿನಾಲ್ಕು ವರ್ಷದ ಭಾರ ನಮ್ಮ ಮೈಗೆ ತಾಗಿದ್ದುಂಟೇ? ಹೇಮಂತ್ ರಾವ್ ಎರಡು ಭಾಗಗಳ ನಡುವೆ ಪ್ರೇಕ್ಷಕನನ್ನೇ ಕಾಯಿಸಿದರು. ಸೆಪ್ಟೆಂಬರ್ 1ಕ್ಕೆ ಮೊದಲನೆಯದು, ನವೆಂಬರ್ 17ಕ್ಕೆ ಎರಡನೆಯದು. ಮೊದಲನೆಯದರ ನೀಲಿ ಬಣ್ಣ ಎರಡನೆಯದರಲ್ಲಿ ಕೆಂಪಿಗೆ ತಿರುಗುತ್ತದೆ. ಹೊರಗೆ ಬಂದವನ ಬಳಿ ಉಳಿದಿರುವುದು ಪ್ರೇಯಸಿ ಪ್ರಿಯಾಳ ದನಿಯಿರುವ ಒಂದು ಕ್ಯಾಸೆಟ್. ‘ಯಾವಾಗ ಹೊಡಿತಾನಪ’ ಎಂದು ಕೂಗಿದ ನಿಮ್ಮ ಹಿಂದಿನ ಸಾಲಿನವರು ಅವನ ಹೊಡೆತಕ್ಕೆ ಕಾಯುತ್ತಿದ್ದರು. ಅವನೋ ಕಳೆದುಹೋದ ವರ್ಷಗಳ ಲೆಕ್ಕ ಎಲ್ಲಿ ಸಿಗುತ್ತದೆಂದು ಹುಡುಕುತ್ತಿದ್ದ. ಇಬ್ಬರ ಕಾಯುವಿಕೆಯೂ ಕೂಡಿಬರದ್ದಕ್ಕೆ ಸಂಪೂರ್ಣ ತಪ್ಪನ್ನು ನಿರ್ದೇಶಕರ ತಲೆಗೆ ಕಟ್ಟುವುದು ಸರಿಯೇ?

ಎಳೆಯುವ ಚಿತ್ರವೂ ಉಂಟು, ಅದನ್ನು ಗುರುತಿಸಲು ನನ್ನದೊಂದು ಅಳತೆಗೋಲಿದೆ. ದೃಶ್ಯವೊಂದು ಮುಗಿದ ಮೇಲೆ ಆ ಮನುಷ್ಯರ ನಡುವೆ ಏನಾದರೂ ಕದಲಿದೆಯೇ ಎಂದು ನೋಡಿಕೊಳ್ಳುತ್ತೇನೆ. ಕದಲಿಲ್ಲವಾದರೆ ಅದು ಮೂರು ನಿಮಿಷದ ಹೊಡೆದಾಟವಾದರೂ ಎಳೆತವೇ. ನಾಯಕ ಇಪ್ಪತ್ತು ಜನರನ್ನು ಗಾಳಿಯಲ್ಲಿ ತೂರಿ, ಆಮೇಲೂ ಇದ್ದಲ್ಲಿಯೇ ಇರುವ ಚಿತ್ರಗಳಿಗೆ ನಾವು ಎಂದೂ ಆಕಳಿಸುವುದಿಲ್ಲ. ಮನುಷ್ಯನೊಬ್ಬ ಬಾಗಿಲ ಮುಂದೆ ಅರ್ಧ ನಿಮಿಷ ನಿಂತು, ತಟ್ಟದೆ ಹಿಂತಿರುಗಿದರೆ ಮಾತ್ರ ನಮಗೆ ದಾವಣಗೆರೆಯ ಅಶೋಕ ಟಾಕೀಸ್ ಬಳಿ ರೈಲ್ವೆ ಗೇಟು ಬಿದ್ದಂತಾಗಿ, ಎಲ್ಲರೂ ಹಾರ್ನ್ ಒತ್ತಲು ಶುರುಮಾಡುತ್ತೇವೆ.

ನಮ್ಮ ಸೀಮೆಯ ಜನಕ್ಕೆ ತಾಳ್ಮೆಯಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ. ಜಗಳೂರು, ಚಳ್ಳಕೆರೆ, ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ಬಯಲಾಟ ಇಡೀ ರಾತ್ರಿ ನಡೆಯುತ್ತಿತ್ತು. ಈಗಲೂ ಅಲ್ಲಲ್ಲಿ ನಡೆಯುತ್ತದೆ. ‘ಕೀಚಕವಧೆ’ ಎಂದು ಮೊದಲೇ ಡಂಗುರವಾಗಿರುತ್ತದೆ. ಕೊಲ್ಲುವವನು ಯಾರು, ಸಾಯುವವನು ಯಾರು, ಎಲ್ಲಿ, ಹೇಗೆ, ಎಲ್ಲವೂ ಮಗುವಿಗೂ ಗೊತ್ತು. ಆದರೂ ಜನ ಕಂಬಳಿ ಹೊದ್ದು ಕುಳಿತು ಸೈರಂಧ್ರಿಯ ಅಳಲನ್ನು ಪದ ಪದವಾಗಿ ಕೇಳುತ್ತಿದ್ದರು. ಕೀಚಕ ಸಭೆಯಲ್ಲಿ ಅವಳನ್ನು ಒದೆಯುವುದು, ವಿರಾಟ ತಲೆ ತಗ್ಗಿಸುವುದು, ಧರ್ಮರಾಯ ಕಂಡೂ ಕಾಣದಂತಿರುವುದು, ಇವೆಲ್ಲ ಆಗಿ ಭೀಮ ಸೀರೆಯುಟ್ಟು ಕತ್ತಲಲ್ಲಿ ಕಾದು ಕೂರುವ ಹೊತ್ತಿಗೆ ಮೂಡಲ ದಿಕ್ಕು ಬೆಳ್ಳಗಾಗುತ್ತಿತ್ತು. ಕೀಚಕನನ್ನು ಬೇಗ ಕೊಲ್ಲಿ ಎಂದು ಭಾಗವತರಿಗೆ ಯಾರೂ ಕೂಗಿದ್ದನ್ನು ನಾನು ಕೇಳಿಲ್ಲ. ಹೊತ್ತು ಮುಂಚೆ ಸತ್ತಿದ್ದರೆ ಅಕ್ಕಿ ಜೋಳ ಕೂಡಿಸಿ ಆಟ ಕಟ್ಟಿದ ಊರಿನವರೇ ಜಗಳಕ್ಕೆ ಬರುತ್ತಿದ್ದರು. ಅಲ್ಲಿ ನಿದ್ದೆ ಮಾಡಬಹುದಿತ್ತು, ಎದ್ದು ಚಹಾ ಕುಡಿಯಬಹುದಿತ್ತು, ಚಿತ್ರಮಂದಿರದ ಕುರ್ಚಿಯಲ್ಲಿ ಆ ಸ್ವಾತಂತ್ರ್ಯವಿಲ್ಲ ಎಂದು ನೀವು ಹೇಳಬಹುದು. ನಿಜ. ಆದರೆ ನಿದ್ದೆ ಬಂದವನು ಮಲಗುತ್ತಿದ್ದನೇ ಹೊರತು ಆಟವೇ ಸರಿಯಿಲ್ಲ ಎಂದು ಮರುದಿನ ಊರೆಲ್ಲ ಸಾರುತ್ತಿರಲಿಲ್ಲ.

ನೀವು ದುರ್ಗದವರು; ನಿಮಗೆ ತ.ರಾ.ಸು. ಹೆಸರು ಹೇಳುವುದೇ ಸಾಹಸ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’, ಈ ಮೂರು ಕಾದಂಬರಿಗಳನ್ನು ಒಂದರ ಬೆನ್ನಿಗೊಂದು ಓದಿದವರಿಗೆ ಸಾವಕಾಶವಾಗಿ ಕಾಯುವ ಅಪರಾಧ ಕಥನವೆಂದರೇನೆಂದು ಬೇರೆ ವಿವರಿಸಬೇಕಿಲ್ಲ. ಗದ್ದುಗೆಯ ಸುತ್ತಲಿನ ಒಳಸಂಚು, ದಳವಾಯಿಗಳ ದರ್ಪ, ಕೊಲೆ, ಆ ಕೊಲೆ ತಿರುಗಿ ಬರುವ ಬಗೆ, ಇಷ್ಟಕ್ಕೆ ಅವರು ಮೂರು ಸಂಪುಟ ತೆಗೆದುಕೊಂಡರು. ನಮ್ಮ ಹಿರಿಯರು ಗ್ರಂಥಾಲಯದಲ್ಲಿ ಮುಂದಿನ ಭಾಗ ಬೇರೆಯವರ ಕೈಯಲ್ಲಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಕೇಳಿ ತರುತ್ತಿದ್ದರು. ಮೂರು ಪುಸ್ತಕಕ್ಕೆ ಮೂರು ಬೆಲೆ ಏಕೆಂದು ಕೇಳಿದವರು ನನಗೆ ಸಿಕ್ಕಿಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ನಿಮ್ಮ ಕೋಟೆಯಲ್ಲೇ ಇದೆ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ತ.ರಾ.ಸು. ಅವರದೇ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು 1972ರಲ್ಲಿ ಒಂದೇ ಚಿತ್ರ ಮಾಡಿದರು. ಆ ಚಿತ್ರ ನಮಗೆಲ್ಲ ಬಾಯಿಪಾಠ, ರಾಮಾಚಾರಿ ಏರಿದ ಬಂಡೆಗಳನ್ನು ಇಂದಿಗೂ ಪ್ರವಾಸಿಗರು ಹುಡುಕಿಕೊಂಡು ಬರುತ್ತಾರೆ. ಆದರೆ ಮೂಲ ಲೇಖಕರಿಗೆ ಅದು ಒಪ್ಪಿಗೆಯಾಗಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ನೊಂದು ಹೇಳಿದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಪುಟ್ಟಣ್ಣನವರಿಗೆ ಆಗ ಎರಡು ಭಾಗ ಮಾಡುವ ಅವಕಾಶ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವುದು ನನ್ನ ಹಳೆಯ ಚಟ.

ನಿರ್ಮಾಪಕರು ದುಡ್ಡಿಗಾಗಿ ಕತ್ತರಿಸುತ್ತಾರೆ ಎಂಬ ನಿಮ್ಮ ಗುಮಾನಿಗೂ ಒಂದು ಉತ್ತರವಿದೆ. ಧನಬಾದಿನ ಕಲ್ಲಿದ್ದಲು ಮಾಫಿಯಾದ ಮೂರು ತಲೆಮಾರುಗಳ ಹಗೆಯನ್ನು ಹೇಳುವ ‘ಗ್ಯಾಂಗ್ಸ್ ಆಫ್ ವಾಸೇಪುರ್’ ಚಿತ್ರವನ್ನು ಅನುರಾಗ್ ಕಶ್ಯಪ್ ಒಂದೇ ಚಿತ್ರವಾಗಿ ತೆಗೆದಿದ್ದರು. ಐದು ಗಂಟೆಗೂ ಹೆಚ್ಚು. 2012ರಲ್ಲಿ ಕಾನ್ ಚಿತ್ರೋತ್ಸವದ ಒಂದು ವಿಭಾಗದಲ್ಲಿ ಅದು ಇಡಿಯಾಗಿಯೇ ಪ್ರದರ್ಶನಗೊಂಡಿತು. ನಮ್ಮ ದೇಶದ ಚಿತ್ರಮಂದಿರಗಳಲ್ಲಿ ಅಷ್ಟುದ್ದದ ಆಟಕ್ಕೆ ಜಾಗವಿಲ್ಲದೆ ಅದನ್ನು ಸೀಳಿ ಜೂನ್ ಮತ್ತು ಆಗಸ್ಟ್ ತಿಂಗಳಲ್ಲಿ ಬಿಡುಗಡೆ ಮಾಡಬೇಕಾಯಿತು. ದಿನಕ್ಕೆ ನಾಲ್ಕು ಆಟ ಎಂಬ ಲೆಕ್ಕ ನಮ್ಮ ಚಿತ್ರಮಂದಿರಗಳದು, ಕಥೆಯದಲ್ಲ.

ಕನ್ನಡದಲ್ಲಿ ಇನ್ನೊಂದು ಪಾಠವೂ ಆಗಿದೆ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ 2014ರಲ್ಲಿ ತೆರೆಕಂಡಾಗ, ಒಂದೇ ಘಟನೆಯನ್ನು ಹಲವರ ಬಾಯಲ್ಲಿ ಅಧ್ಯಾಯ ಅಧ್ಯಾಯವಾಗಿ ಹೇಳುವ ಅದರ ರೀತಿಗೆ ಜನ ತಲೆ ಕೆರೆದುಕೊಂಡರು. ಚಿತ್ರಮಂದಿರಗಳಿಂದ ಅದು ಬೇಗ ಇಳಿಯಿತು. ಅದನ್ನು ಆಗ ನೋಡದವರೇ ಆಮೇಲೆ ಅದರ ಸಂಭಾಷಣೆಗಳನ್ನು ಒಪ್ಪಿಸತೊಡಗಿದರು. ಈಗ ಅದನ್ನು ಹೊಗಳದ ಚಲನಚಿತ್ರಪ್ರೇಮಿಯನ್ನು ಹುಡುಕುವುದೇ ಕಷ್ಟ. ಮೊದಲ ವಾರ ಇವರೆಲ್ಲ ಎಲ್ಲಿದ್ದರು?

ಎಲ್ಲಿದ್ದರೆಂದು ನನಗೆ ಗೊತ್ತು. ಚಿತ್ರಮಂದಿರದ ಗೇಟಿನ ಹೊರಗೆ ಮೊದಲ ಆಟ ಬಿಡುವುದನ್ನೇ ಕಾಯುತ್ತ ಮೈಕು ಹಿಡಿದು ನಿಂತವರ ಸುತ್ತ ಇದ್ದರು. ಬೆಳಕಿಗೆ ಕಣ್ಣು ಇನ್ನೂ ಹೊಂದಿಕೊಂಡಿಲ್ಲದ ಹುಡುಗನ ಬಾಯಿಗೆ ಮೈಕು ಒಡ್ಡಿ ‘ಹೆಂಗೈತಿ ಸಿನಿಮಾ’ ಎಂದು ಕೇಳಿದರೆ ಆತ ಇನ್ನೇನು ಹೇಳಿಯಾನು? ‘ಫಸ್ಟ್ ಹಾಫ್ ಲ್ಯಾಗ್, ಸೆಕೆಂಡ್ ಹಾಫ್ ಓಕೆ’ ಎನ್ನುತ್ತಾನೆ. ಆರು ಪದಗಳ ಆ ತೀರ್ಪು ಸಂಜೆಯೊಳಗೆ ಜಿಲ್ಲೆಯೆಲ್ಲ ಹರಡಿ, ಎರಡನೆಯ ವಾರಕ್ಕೆ ಪೋಸ್ಟರ್ ಇಳಿಯುತ್ತದೆ. ರಾತ್ರಿ ಮಲಗಿ, ಬೆಳಗ್ಗೆ ಎದ್ದಾಗ ಚಿತ್ರದ ಯಾವುದೋ ಮುಖ ಏಕೋ ನೆನಪಾಗಿ ಕಾಡುತ್ತದಲ್ಲ, ಆ ಹೊತ್ತಿನಲ್ಲಿ ಯಾರೂ ಮೈಕು ಹಿಡಿದು ಬರುವುದಿಲ್ಲ. ನಿಮ್ಮ ಪತ್ರದಲ್ಲಿಯೇ ನೋಡಿ: ಬೇಸರ ತಂದ ಆ ಚಿತ್ರದ ದೃಶ್ಯಗಳನ್ನು ಇಷ್ಟು ಕಾಲದ ಮೇಲೂ ಕ್ರಮ ತಪ್ಪದೆ ವಿವರಿಸಿದ್ದೀರಿ. ಅದೇ ವರ್ಷ ನೋಡಿದ ವೇಗದ ಚಿತ್ರವೊಂದರ ಕಥೆಯನ್ನು ಅರ್ಧ ಪುಟ ಬರೆದು ಕಳಿಸಿ ಎಂದರೆ ಬರೆಯಬಲ್ಲಿರಾ?

ನನಗೆ ಇನ್ನೂ ಸೋಜಿಗವಾಗುವುದು ಬೇರೆ. ದಾವಣಗೆರೆಯ ನ್ಯಾಯಾಲಯದ ಆವರಣದಲ್ಲಿ ಯಾವುದೇ ಕೆಲಸದ ದಿನ ಹೋಗಿ ನಿಂತು ನೋಡಿ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದ ಮುದುಕಿಯೊಬ್ಬಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಬೇವಿನ ಮರದ ಕೆಳಗೆ ಕುಳಿತಿರುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ವಕೀಲರ ಗುಮಾಸ್ತ ಬಂದು ‘ವಾಯಿದೆ ಬಿತ್ತಜ್ಜಿ’ ಎಂದು ಮುಂದಿನ ತಾರೀಖು ಹೇಳುತ್ತಾನೆ. ಆಕೆ ಸೆರಗಿನ ಗಂಟು ಬಿಚ್ಚಿ ಬಸ್ಸಿನ ದುಡ್ಡು ಎಣಿಸಿಕೊಳ್ಳುತ್ತಾಳೆ. ಅಪರಾಧ ಎಷ್ಟು ಉದ್ದದ್ದು ಎಂಬುದು ಈ ಊರಿನ ಅರ್ಧ ಜನಕ್ಕೆ ಸ್ವಂತ ಅನುಭವದಿಂದ ಗೊತ್ತು. ಅದೇ ಜನ ತೆರೆಯ ಮೇಲೆ ಮಾತ್ರ ಎಲ್ಲವೂ ಮಧ್ಯಂತರದೊಳಗೆ ಇತ್ಯರ್ಥವಾಗಬೇಕೆನ್ನುತ್ತಾರೆ. ಬದುಕಿನಲ್ಲಿ ಸಿಗದ್ದನ್ನು ಸಿನಿಮಾದಲ್ಲಾದರೂ ಕೊಡಿ ಎಂಬ ಆಸೆ ಅರ್ಥವಾಗುವಂಥದೇ. ಆದರೆ ಎಲ್ಲ ಚಿತ್ರಗಳೂ ಆ ಆಸೆಯನ್ನೇ ತೀರಿಸುತ್ತ ಹೋದರೆ, ಮರದ ಕೆಳಗೆ ಕುಳಿತವಳ ಕಥೆಯನ್ನು ಅವಳ ಲಯದಲ್ಲಿ ಹೇಳುವವರು ಯಾರು?

ನಿಮ್ಮ ಮಗನ ವಿಷಯ. ಹುಡುಗನನ್ನು ಗದರಿಸಬೇಡಿ, ಹತ್ತು ಸೆಕೆಂಡು ಹಾರಿಸುವ ಗುಂಡಿಯನ್ನು ಅವನು ಮಾಡಿದ್ದಲ್ಲ. ಎರಡೂ ಭಾಗಗಳನ್ನು ಬೇರೆ ಬೇರೆ ವಾರಗಳಲ್ಲಿ, ಮನೆಯ ದೊಡ್ಡ ಪರದೆಯಲ್ಲಿ, ದೀಪ ಆರಿಸಿ, ಅವನ ಪಕ್ಕದಲ್ಲಿ ಕುಳಿತು ನೋಡಿ. ಆಗಲೂ ಬೇಸರವಾದರೆ ಅವನ ಕೈಯಿಂದಲೇ ಒಂದು ಪತ್ರ ಬರೆಯಿಸಿ ಕಳಿಸಿ, ಒಂದಕ್ಷರ ಬಿಡದೆ ಪ್ರಕಟಿಸುತ್ತೇನೆ.

ಪತ್ರದ ಅಂಚಿನಲ್ಲಿ, ನಮ್ಮ ಪತ್ರಿಕೆಯ ಧಾರಾವಾಹಿ ಕಾದಂಬರಿಯೂ ಎಳೆಯುತ್ತಿದೆ, ಕೊಲೆಗಾರ ಯಾರೆಂದು ಬೇಗ ತಿಳಿಸಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಕೊಲೆಗಾರ ಯಾರೆಂಬುದು ಮೂರನೆಯ ಕಂತಿನಲ್ಲೇ ಬಂದಿದೆ, ಹಿಂದಿನ ಸಂಚಿಕೆ ತೆಗೆದು ನೋಡಿ. ಉಳಿದ ಕಂತುಗಳಲ್ಲಿ ಒಂದನ್ನೂ ಕಡಿತ ಮಾಡುವುದಿಲ್ಲ.

— ಸಂಪಾದಕ