ಮಾಲ್ದೀವ್ಸ್‌ನಲ್ಲಿ ಗೆಸ್ಟ್‌ಹೌಸ್‌ಗೆ ಹಣ ಹಾಕಬಹುದಾ?

ಪ್ರಶ್ನೆ: ಮೇಡಂ, ನನ್ನ ಮಗ ಮಾಲ್ದೀವ್ಸ್‌ನ ರೆಸಾರ್ಟ್ ಒಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿನ ಸ್ನೇಹಿತನೊಬ್ಬ ಮಾಫುಶಿ ದ್ವೀಪದಲ್ಲಿ ಗೆಸ್ಟ್‌ಹೌಸ್ ಕಟ್ಟಿಸುತ್ತಿದ್ದಾನಂತೆ. ಮೂವತ್ತು ಲಕ್ಷ ಹಾಕಿ ಪಾಲಿಗೆ ಬಾ ಅಂತಿದ್ದಾನೆ. ಕಾಗದಪತ್ರ ಎಲ್ಲ ಸ್ನೇಹಿತನ ಹೆಸರಲ್ಲೇ ಇರುತ್ತದಂತೆ. ತೋಟದ ಮೇಲೆ ಸಾಲ ತೆಗೆಯೋಣವಾ ಅಂತ ಯೋಚಿಸುತ್ತಿದ್ದೇವೆ.
– ಓದುಗರೊಬ್ಬರು, ಬೈಂದೂರು

ಉತ್ತರ: ತೋಟದ ಮೇಲೆ ಸಾಲ ತೆಗೆಯಬೇಡಿ ರಾಯರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ವ್ಯಾಪಾರ ಕೆಟ್ಟದ್ದು ಅಂತಲ್ಲ. ಅಲ್ಲಿನ ಜನಸಂಖ್ಯೆ ಐದು ಲಕ್ಷದ ಚಿಲ್ಲರೆ. 2024ರಲ್ಲಿ ಬಂದ ಪ್ರವಾಸಿಗರು 20 ಲಕ್ಷಕ್ಕೂ ಜಾಸ್ತಿ. ಮೊದಲೆಲ್ಲ ಪ್ರವಾಸಿಗಳು ಉಳಿಯುತ್ತಿದ್ದದ್ದು ಹೆಚ್ಚಾಗಿ ರೆಸಾರ್ಟ್‌ಗೆಂದೇ ಬಿಟ್ಟ ದ್ವೀಪಗಳಲ್ಲಿ. 2009ರ ಸುಮಾರಿಗೆ ಊರಿರುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್‌ಗೆ ಅವಕಾಶ ಸಿಕ್ಕಿತು. ಮಾಫುಶಿ ಬೆಳೆದದ್ದು ಹಾಗೆ. ಮೀನುಗಾರರ ಮನೆಗಳವರಿಗೆ ಪ್ರವಾಸೋದ್ಯಮದ ದುಡ್ಡು ನೇರವಾಗಿ ಕೈಗೆ ಬರತೊಡಗಿದ್ದು ಆಮೇಲೆಯೇ. ಅದು ನಿಜಕ್ಕೂ ಒಳ್ಳೆಯ ಬದಲಾವಣೆ.

ಆದರೆ ನಾನು ಅಲ್ಲಿ ರೆಸಾರ್ಟ್ ಒಂದರ ಲೆಕ್ಕಪತ್ರ ವಿಭಾಗದಲ್ಲಿ ಇದ್ದವಳು. ಬಿಲ್ಲುಗಳನ್ನು ನೋಡುತ್ತಲೇ ಆ ದೇಶವನ್ನು ಅರ್ಥ ಮಾಡಿಕೊಂಡೆ. ಅಕ್ಕಿ, ಈರುಳ್ಳಿ, ಮೊಟ್ಟೆ, ಡೀಸೆಲ್, ಮಂಚ, ನಲ್ಲಿ, ಎಲ್ಲವೂ ಹೊರಗಿನಿಂದ ಬರಬೇಕು. ಕಟ್ಟಡಕ್ಕೆ ಬೇಕಾದ ನದಿ ಮರಳು, ಜಲ್ಲಿ ಕೂಡ ಭಾರತದಿಂದ ಹೋಗುತ್ತದೆ. ಅದಕ್ಕೆ 1981ರ ವ್ಯಾಪಾರ ಒಪ್ಪಂದದಡಿ ಪ್ರತಿವರ್ಷ ಇಷ್ಟು ಟನ್ ಎಂದು ಕೋಟಾ ಇದೆ. ಕರೆಂಟು ಹೆಚ್ಚಾಗಿ ಡೀಸೆಲ್ ಜನರೇಟರಿನದ್ದು, ನೀರು ಸಮುದ್ರದ ಉಪ್ಪು ತೆಗೆದದ್ದು. ಮೀನು ಬಿಟ್ಟರೆ ಸುಮಾರಾಗಿ ಎಲ್ಲ ಖರ್ಚೂ ಕೊನೆಗೆ ಡಾಲರಿನ ಖರ್ಚೇ.

ಅದಕ್ಕೇ ನಿಮ್ಮ ಮಗ ಕೇಳಬೇಕಾದ ಮೊದಲ ಪ್ರಶ್ನೆ, "ನನ್ನ ಪಾಲಿನ ಲಾಭ ಡಾಲರಿನಲ್ಲೋ ರುಫಿಯಾದಲ್ಲೋ?" ಎಂದು. ರುಫಿಯಾ ಅಂದರೆ ಅಲ್ಲಿನ ಹಣ. 2011ರಿಂದ ಒಂದು ಡಾಲರಿಗೆ ಹೆಚ್ಚೆಂದರೆ 15.42 ರುಫಿಯಾ ಎಂದು ಸರ್ಕಾರ ಮಿತಿ ಹಾಕಿದೆ. ಆದರೆ ಆ ದರಕ್ಕೆ ಬ್ಯಾಂಕಿನಲ್ಲಿ ಬೇಕಾದಷ್ಟು ಡಾಲರ್ ಸಿಗುವುದಿಲ್ಲ. ಹೊರಗಿನ ಮಾರುಕಟ್ಟೆಯಲ್ಲಿ 18ರ ಮೇಲೆ ಕೊಡಬೇಕು. ಅತಿಥಿಯಿಂದ ಡಾಲರ್ ತೆಗೆದುಕೊಂಡು ನಿಮಗೆ 15.42ರ ಲೆಕ್ಕದಲ್ಲಿ ರುಫಿಯಾ ಎಣಿಸಿಕೊಟ್ಟರೆ ನಿಮ್ಮ ಲಾಭದ ಒಂದು ಭಾಗ ಅಲ್ಲೇ ಕರಗಿತು. ಯಾರೂ ಕದ್ದಿಲ್ಲ, ಲೆಕ್ಕವೂ ಸರಿಯಾಗಿಯೇ ಇರುತ್ತದೆ!

ಒಂದು ಕೋಣೆಯ ಲೆಕ್ಕ ಹಾಕೋಣ. ಇಬ್ಬರಿಗೆ ಒಂದು ರಾತ್ರಿಗೆ ಎಲ್ಲ ಸೇರಿ 60 ಡಾಲರ್ ಅಂದುಕೊಳ್ಳಿ. ಸಣ್ಣ ಗೆಸ್ಟ್‌ಹೌಸ್‌ಗಳಿಗೆ ಹಸಿರು ತೆರಿಗೆ ತಲೆಗೆ 6 ಡಾಲರ್, ಇಬ್ಬರಿಗೆ 12. ಪ್ರವಾಸೋದ್ಯಮದ ಜಿಎಸ್‌ಟಿ 2025ರ ಜುಲೈನಿಂದ ಶೇ. 17, ಅದು ಸುಮಾರು 7 ಡಾಲರ್. ಬುಕಿಂಗ್ ಆ್ಯಪ್‌ನವರ ಕಮಿಷನ್ ಬೇರೆ. ಕೈಗೆ ಬರುವುದು 33 ಡಾಲರಿನ ಆಸುಪಾಸು. ಅದರಲ್ಲಿ ತಿಂಡಿ, ಕರೆಂಟು, ಸಂಬಳ, ಜಾಗದ ಬಾಡಿಗೆ ಎಲ್ಲ ಆಗಬೇಕು. ಊರಿರುವ ದ್ವೀಪದಲ್ಲಿ ಮದ್ಯ ಮಾರುವಂತಿಲ್ಲ, ಹಾಗಾಗಿ ರೆಸಾರ್ಟಿಗಿರುವ ಆ ಆದಾಯವೂ ಇಲ್ಲ. ಕೋಣೆ ತುಂಬಿದ್ದರೆ ನಡೆಯುತ್ತದೆ. 2020ರಲ್ಲಿ ಕೊರೊನಾ ಬಂದು ಕೆಲವು ತಿಂಗಳು ಗಡಿ ಮುಚ್ಚಿದಾಗ ಇಡೀ ದೇಶದ ಆರ್ಥಿಕತೆ ಮೂರನೇ ಒಂದು ಭಾಗದಷ್ಟು ಕುಸಿಯಿತು. ಅಂಥ ವರ್ಷದಲ್ಲಿ ತೋಟದ ಸಾಲದ ಕಂತು ಕಟ್ಟುವವರು ಯಾರು?

ಇನ್ನು ಕಾಗದದ ವಿಷಯ. ವಿದೇಶಿಯರ ಹೂಡಿಕೆಗೆ ಅಲ್ಲಿ ಕಾನೂನಿದೆ, 2024ರಲ್ಲಿ ಅದನ್ನು ಹೊಸದಾಗಿಯೂ ಮಾಡಿದ್ದಾರೆ. ಸರ್ಕಾರದಲ್ಲಿ ನೋಂದಣಿ ಆಗದೆ ಸ್ನೇಹಿತನ ಹೆಸರಲ್ಲಿ ದುಡ್ಡು ಹಾಕಿದರೆ ನಾಳೆ ಜಗಳ ಬಂದಾಗ ನಿಮ್ಮ ಮಗನ ಕೈಯಲ್ಲಿ ಏನೂ ಇರುವುದಿಲ್ಲ. ಸ್ನೇಹಿತ ಒಳ್ಳೆಯವನೇ ಇರಬಹುದು. ಆದರೂ ರಾಜಧಾನಿ ಮಾಲೆಯ ವಕೀಲರೊಬ್ಬರಿಗೆ ಫೀಸು ಕೊಟ್ಟು ಪಾಲುದಾರಿಕೆ ನೋಂದಣಿ ಮಾಡಿಸಿದ ಮೇಲೆ, ಮಗನ ಸ್ವಂತ ಉಳಿತಾಯದಲ್ಲಿ ಸ್ವಲ್ಪ ಹಾಕಲಿ.

ಪ್ರಶ್ನೆ: ನಮ್ಮ ಜಿಎಂಆರ್ ಕಂಪನಿಯನ್ನು ಮಾಲೆ ವಿಮಾನ ನಿಲ್ದಾಣದಿಂದ ಹೊರಹಾಕಿದ್ದರಲ್ಲ. ಅಂಥ ಜಾಗವನ್ನು ನಂಬಬಹುದಾ?
– ಓದುಗರು, ಬೆಂಗಳೂರು

ಉತ್ತರ: ನಡೆದದ್ದು ನಿಜ. 2010ರಲ್ಲಿ ಜಿಎಂಆರ್ ಮತ್ತು ಮಲೇಷ್ಯಾದ ಕಂಪನಿ ಸೇರಿ ನಿಲ್ದಾಣವನ್ನು 25 ವರ್ಷಕ್ಕೆ ಪಡೆದವು. ಹೊರಡುವ ಪ್ರಯಾಣಿಕರಿಂದ 25 ಡಾಲರ್ ಶುಲ್ಕ ಎಂದದ್ದು ಕೋರ್ಟಿಗೆ ಹೋಯಿತು. 2012ರಲ್ಲಿ ಸರ್ಕಾರ ಬದಲಾಯಿತು, ಅದೇ ವರ್ಷದ ಕೊನೆಗೆ ಒಪ್ಪಂದವೇ ರದ್ದಾಯಿತು. ಕಂಪನಿ ಮಧ್ಯಸ್ಥಿಕೆಗೆ ಹೋಗಿ ಗೆದ್ದಿತು. 2016ರಲ್ಲಿ ಮಾಲ್ದೀವ್ಸ್ ಸುಮಾರು 27 ಕೋಟಿ ಡಾಲರ್ ಪರಿಹಾರ ಕಟ್ಟಿತು.

ಕಂಪನಿಗೆ ದುಡ್ಡು ಬಂತು. ನನಗೆ ಸಂಕಟವಾಗುವುದು ಆ ಜನರ ಬಗ್ಗೆ. ಅಷ್ಟು ಚಿಕ್ಕ ದೇಶ ಅರ್ಧಕ್ಕೇ ನಿಂತ ಕೆಲಸಕ್ಕೆ 27 ಕೋಟಿ ಡಾಲರ್ ಕೊಟ್ಟಿತು. ಅದರಲ್ಲಿ ಎಷ್ಟು ದ್ವೀಪಗಳಿಗೆ ಒಳ್ಳೆಯ ಆಸ್ಪತ್ರೆ ಆಗುತ್ತಿತ್ತು! ದೊಡ್ಡ ಕಂಪನಿ ಮಧ್ಯಸ್ಥಿಕೆಗೆ ಹೋಗಿ ನಾಲ್ಕು ವರ್ಷ ಕಾಯಬಲ್ಲದು. ಬೈಂದೂರಿನ ಅಡುಗೆಯವನಿಗೆ ಅದು ಆಗುವುದಿಲ್ಲ, ಅಲ್ವಾ?

ಪ್ರಶ್ನೆ: ಅಲ್ಲೂ ಶ್ರೀಲಂಕಾದಂತೆ ದಿವಾಳಿ ಆಗುತ್ತದಾ?
– ಓದುಗರು, ಹುಬ್ಬಳ್ಳಿ

ಉತ್ತರ: 2024ರಲ್ಲಿ ಆ ಭಯ ನಿಜವಾಗಿಯೂ ಇತ್ತು. ಆ ಆಗಸ್ಟ್‌ನಲ್ಲಿ ಅಲ್ಲಿನ ದೊಡ್ಡ ಬ್ಯಾಂಕು ರುಫಿಯಾ ಕಾರ್ಡುಗಳಲ್ಲಿ ಡಾಲರ್ ವ್ಯವಹಾರ ನಿಲ್ಲಿಸಿತು, ಅದೇ ದಿನ ಹಿಂತೆಗೆದುಕೊಂಡಿತು. ಅಕ್ಟೋಬರ್‌ನಲ್ಲಿ ನಮ್ಮ ರಿಸರ್ವ್ ಬ್ಯಾಂಕು 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯ ಸೌಲಭ್ಯ, ಅಂದರೆ ರುಫಿಯಾ ಕೊಟ್ಟು ಸ್ವಲ್ಪ ಕಾಲಕ್ಕೆ ಎರವಲು ಪಡೆಯುವ ವ್ಯವಸ್ಥೆ, ಒದಗಿಸಿತು. 2025ರ ಜುಲೈನಲ್ಲಿ ಭಾರತ 4,850 ಕೋಟಿ ರೂಪಾಯಿ ಸಾಲ ಘೋಷಿಸಿತು. ದೇಶಕ್ಕೆ ಸಂಪಾದನೆ ಇಲ್ಲ ಅಂತಲ್ಲ. ರೆಸಾರ್ಟಿನ ಕೋಣೆಯ ಬಾಡಿಗೆ ಎಷ್ಟೋ ಸಲ ಹೊರದೇಶದ ಖಾತೆಗೇ ಜಮೆ ಆಗುತ್ತದೆ, ಮಾಲೆಯ ಬ್ಯಾಂಕಿಗೆ ಬರುವುದು ಸ್ವಲ್ಪ. ಅದಕ್ಕೇ ಡಾಲರ್ ಆದಾಯದ ಒಂದು ಪಾಲನ್ನು ಅಲ್ಲಿನ ಬ್ಯಾಂಕಿಗೆ ಕೊಟ್ಟು ರುಫಿಯಾ ಮಾಡಿಸಿಕೊಳ್ಳಲೇಬೇಕು ಎಂದು 2024ರ ಕೊನೆಗೆ ನಿಯಮ ತಂದರು. ಸುಮ್ನೆ ಸಾಲದ ಮೇಲೆ ಸಾಲ ತರುವುದಕ್ಕಿಂತ ಇದು ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ನನಗೆ ಅಲ್ಲಿನ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದೆ. ಸಂಬಳ 15,000 ರುಫಿಯಾ. ಹೋಗಲಾ ಅಕ್ಕ?
– ಓದುಗರು, ಶಿರಸಿ

ಉತ್ತರ: ಹೋಗು ತಂಗಿ, ಮಕ್ಕಳು ಬಹಳ ಪ್ರೀತಿಯವರು. ಆದರೆ ಸರ್ಕಾರಿ ದರದ 970 ಡಾಲರನ್ನು ನಂಬಿ ಮನೆಯ ಖರ್ಚು ಹೊಂದಿಸಬೇಡ. ರುಫಿಯಾ ಸಂಬಳದವರು ತಿಂಗಳಿಗೆ ಇಷ್ಟೇ ಡಾಲರ್ ಊರಿಗೆ ಕಳಿಸಬಹುದು ಎಂದು ಬ್ಯಾಂಕುಗಳು ಮಿತಿ ಹಾಕುತ್ತವೆ, ಆ ಮಿತಿ ಬದಲಾಗುತ್ತಲೂ ಇರುತ್ತದೆ. ಹೊರಡುವ ಮುಂಚೆ ಈಗಿನ ಮಿತಿ ಎಷ್ಟು ಎಂದು ವಿಚಾರಿಸು. ಸಂಬಳದಲ್ಲಿ ಸ್ವಲ್ಪವಾದರೂ ಡಾಲರಿನಲ್ಲಿ ಕೊಡುತ್ತೀರಾ ಎಂದು ಕೇಳು. ಊಟ, ವಸತಿ, ವರ್ಷಕ್ಕೊಮ್ಮೆ ವಿಮಾನದ ಟಿಕೆಟ್ ಅವರದ್ದೇ ಎನ್ನುವುದು ಆಫರ್ ಲೆಟರ್‌ನಲ್ಲಿ ಬರೆದಿರಬೇಕು.