ಭಕ್ತಿ ರಕ್ತದಲ್ಲೇ ಬರುತ್ತದೆಯೇ?

ಪ್ರಶ್ನೆ: ‘ದೇವರ ಜೀನ್’ ಇರುವುದು ನಿಜವೇ? ಒಂದೇ ಮನೆಯಲ್ಲಿ ಬೆಳೆದ ಅಣ್ಣ ಪರಮಭಕ್ತ, ತಮ್ಮ ನಾಸ್ತಿಕ ಆಗುವುದು ಹೇಗೆ?

ಉತ್ತರ: ಅಂಥ ಒಂದೇ ಜೀನ್ ಇಲ್ಲ. 2004ರಲ್ಲಿ ಅಮೆರಿಕದ ತಳಿವಿಜ್ಞಾನಿ ಡೀನ್ ಹ್ಯಾಮರ್ ವಿಎಂಎಟಿ2 ಎಂಬ ಜೀನನ್ನು ಹಾಗೆ ಹೆಸರಿಸಿದ್ದರು. ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್, ಸೆರೊಟೋನಿನ್‌ಗಳನ್ನು ಪುಟ್ಟ ಚೀಲಗಳಿಗೆ ತುಂಬುವ ಪ್ರೋಟೀನು ಅದರಿಂದ ತಯಾರಾಗುತ್ತದೆ. ಆದರೆ ಜನರ ನಡುವಿನ ವ್ಯತ್ಯಾಸಕ್ಕೆ ಅದರ ಪಾಲು ತೀರಾ ಅಲ್ಪ.

ಹಾಗೆಂದು ವಂಶದ ಪಾತ್ರವನ್ನು ತಳ್ಳಿಹಾಕಬೇಡಿ. ಅದನ್ನು ಅಳೆಯುವುದು ಅವಳಿಗಳಿಂದ. ತದ್ರೂಪಿ ಅವಳಿಗಳ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಉಳಿದ ಅವಳಿಗಳಲ್ಲಿ ಸರಾಸರಿ ಅರ್ಧದಷ್ಟು ಸಮಾನ. ಉದಾಹರಣೆಗೆ, ಧಾರ್ಮಿಕತೆಯಲ್ಲಿ ಮೊದಲ ಗುಂಪಿನ ಹೋಲಿಕೆ 0.60, ಎರಡನೆಯದರದು 0.40 ಎಂದಿಟ್ಟುಕೊಳ್ಳಿ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಪೂರ್ಣ ಹೋಲಿಕೆ). ವ್ಯತ್ಯಾಸ 0.20. ಎರಡು ಗುಂಪುಗಳ ಡಿಎನ್‌ಎ ಸಾಮ್ಯದ ಅಂತರ ಅರ್ಧದಷ್ಟೇ ಆದ್ದರಿಂದ ಅದನ್ನು ಇಮ್ಮಡಿಸಿದರೆ 0.40. ಅಂದರೆ ಆನುವಂಶಿಕ ಪಾಲು ಸುಮಾರು ಶೇ 40.

ಅಮೆರಿಕದ ಮಿನ್ನೆಸೋಟ ರಾಜ್ಯದ ಅವಳಿ ಗಂಡಸರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಪಾಲು ಬಾಲ್ಯದಲ್ಲಿ ಶೇ 12, ಪ್ರೌಢ ವಯಸ್ಸಿನಲ್ಲಿ ಶೇ 44. ಮನೆಯ ವಾತಾವರಣದ ಪಾಲು ಶೇ 56ರಿಂದ 18ಕ್ಕೆ ಇಳಿಯಿತು. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಕರೆದೊಯ್ದಲ್ಲಿಗೆ ಹೋಗುತ್ತೇವೆ, ದೊಡ್ಡವರಾದ ಮೇಲೆ ಸ್ವಂತ ಒಲವು ಮೇಲೆ ಬರುತ್ತದೆ. ಒಂದು ಕೊರತೆಯೂ ಇದೆ: ಬಾಲ್ಯದ ವಿವರಗಳನ್ನು ಅವರು ದೊಡ್ಡವರಾದ ಮೇಲೆ ನೆನಪಿನಿಂದ ಹೇಳಿದ್ದು.

ಬಹಳ ಮಂದಿ ಎಡವುವುದು ಇಲ್ಲಿ. ಶೇ 44 ಎಂದರೆ ನಿಮ್ಮ ಭಕ್ತಿಯ 44 ಭಾಗ ಜೀನಿನದು ಎಂದಲ್ಲ. ಆ ಗುಂಪಿನ ಜನರ ನಡುವಿನ ವ್ಯತ್ಯಾಸದಲ್ಲಿ ಅಷ್ಟು ಪಾಲು ಎಂದಷ್ಟೇ. ಯಾವ ದೇವರು, ಯಾವ ಆಚರಣೆ ಎಂಬುದನ್ನು ಬಹುಮಟ್ಟಿಗೆ ಮನೆ, ಊರುಗಳೇ ಕಲಿಸುತ್ತವೆ. ಇನ್ನು ಅಣ್ಣತಮ್ಮಂದಿರ ವಿಷಯ: ಅವರ ಡಿಎನ್‌ಎಯಲ್ಲೂ ಸಮಾನವಾಗಿರುವುದು ಸರಾಸರಿ ಅರ್ಧ ಮಾತ್ರ. ಜೊತೆಗೆ ಗೆಳೆಯರು, ಓದು, ಸಂಗಾತಿ ಬೇರೆ ಬೇರೆ.